ಮೂವತ್ತೆಂಟನೆಯ ಕೋವಿ

ಬೆಳಗಿನ ಆರು ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಕೋವಿ ರಿಪೇರಿ ಅಂಗಡಿಯ ಒಳಕೋಣೆಯಲ್ಲಿ ಎಣ್ಣೆಯ ವಾಸನೆ, ಉಜ್ಜಿದ ಮರದ ವಾಸನೆ. ಮೇಸ್ತ್ರಿ ಕಬ್ಬಿಣದ ಬೀರುವಿನ ಬೀಗ ತೆಗೆದು ಪಕ್ಕಕ್ಕೆ ಸರಿಯುತ್ತಾರೆ. ಐವತ್ತೆಂಟು ವರ್ಷದ ಹೆಂಗಸೊಬ್ಬರು ಕುಪ್ಪಸದ ತೋಳು ಮಡಿಚಿಕೊಂಡು, ಕೈಗೆ ಭೂತಗನ್ನಡಿ ತೆಗೆದುಕೊಳ್ಳುತ್ತಾರೆ. ಒಂದೊಂದೇ ಕೋವಿಯನ್ನು ದೀಪದ ಕೆಳಗೆ ಹಿಡಿದು, ಲೋಹದ ಮೇಲೆ ಒತ್ತಿದ ನಂಬರನ್ನು ಗಟ್ಟಿಯಾಗಿ ಓದುತ್ತಾರೆ. ಮೇಸ್ತ್ರಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು "ಹೂಂ" ಎನ್ನುತ್ತಾರೆ. ಹೂಂ ಬರುವವರೆಗೆ ಆ ಕೋವಿ ಬೀರುವಿಗೆ ಮರಳುವುದಿಲ್ಲ.

ಪ್ರತಿ ಕೋವಿಗೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ ಇದೆ. ನಂಬರು ಅದರ ಮೇಲೂ ದಪ್ಪಕ್ಷರದಲ್ಲಿದೆ. ಆದರೂ ಅವರು ಚೀಟಿಯ ಕಡೆ ಕಣ್ಣೆತ್ತಿ ನೋಡುವುದಿಲ್ಲ. "ಚೀಟಿ ಓದಿದ್ರೆ ಚೀಟಿ ಎಣಿಸಿದ ಹಾಗಾಯ್ತು. ಕೋವಿ ಎಣಿಸಿದ ಹಾಗಾಯ್ತಾ?" ಎಂದು ಕೇಳುತ್ತಾರೆ.

ಈ ಬೀದಿಯವರು ಅವರನ್ನು ಕರೆಯುವುದು ನಂಬರಮ್ಮ ಎಂದು. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಎರಡು ಸಲ, ಬೆಳಿಗ್ಗೆ ಕೆಲಸಕ್ಕೆ ಮೊದಲು ಮತ್ತು ಸಂಜೆ ಬಾಗಿಲು ಹಾಕುವ ಮೊದಲು, ಈ ಎಣಿಕೆ ನಡೆಯುತ್ತಿದೆ. ಇಂದು ಬೀರುವಿನಲ್ಲಿರುವುದು ಹದಿನಾಲ್ಕು. ಒಂಬತ್ತು ವಾರಗಳ ಹಿಂದೆ ಮೂವತ್ತೆಂಟಿದ್ದವು. ರಿಪೇರಿಯಾದವು ಒಂದೊಂದಾಗಿ ತಂತಮ್ಮ ಯಜಮಾನರ ಕೈ ಸೇರುತ್ತಿವೆ. ಹೊಸದು ಒಂದೂ ಒಳಗೆ ಬರುವಂತಿಲ್ಲ. ಅಂಗಡಿಯ ಅನುಮತಿಪತ್ರದ ನವೀಕರಣವನ್ನು ಅಧಿಕಾರಿಗಳು ತಡೆಹಿಡಿದಿದ್ದಾರೆ. ಇವತ್ತು ಹನ್ನೊಂದು ಗಂಟೆಗೆ ಪುಸ್ತಕದೊಡನೆ ಕಚೇರಿಗೆ ಬರಬೇಕೆಂದು ಕರೆ ಬಂದಿದೆ. ಮೇಸ್ತ್ರಿಯ ನಲವತ್ತು ವರ್ಷದ ಕಸುಬು ಉಳಿಯುವುದೋ ಅಳಿಯುವುದೋ ಇವತ್ತೇ ತಿಳಿಯಬೇಕು.

"ಹದಿನಾಲ್ಕು," ಎನ್ನುತ್ತಾರೆ ನಂಬರಮ್ಮ.

"ಪುಸ್ತಕದಲ್ಲೂ ಹದಿನಾಲ್ಕೇ," ಎನ್ನುತ್ತಾರೆ ಮೇಸ್ತ್ರಿ. "ಹೋಗಿ ಒಂದಿಷ್ಟು ಏನಾದ್ರೂ ತಿನ್ನು ತಂಗಿ. ಹಸಿದ ಹೊಟ್ಟೇಲಿ ಹೋದ್ರೆ ಅಧಿಕಾರಿಗಳ ಮುಂದೆ ಹೊಟ್ಟೆ ಮಾತಾಡುತ್ತೆ."

"ಅದು ಮಾತಾಡ್ಲಿ ಮೇಸ್ತ್ರಣ್ಣ. ನೀವು ಸುಮ್ನಿದ್ರೆ ಸಾಕು."

ಕೋವಿಯ ಲೋಕಕ್ಕೆ ಅವರು ಹುಡುಕಿಕೊಂಡು ಬಂದವರಲ್ಲ. ಹತ್ತನೆಯ ತರಗತಿ ಮುಗಿಸಿ, ಮದುವೆಯಾಗಿ, ಲಾರಿಗಳನ್ನು ತೂಗುವ ಕಟ್ಟೆಯ ಪಕ್ಕದ ಗೂಡಿನಲ್ಲಿ ತೂಕದ ಚೀಟಿ ಬರೆಯುತ್ತಿದ್ದರು. ಒಂದು ದಿನ ಮೇಸ್ತ್ರಿ ಹಳೆಯ ಕಬ್ಬಿಣ ತುಂಬಿಸಿಕೊಂಡು ಬಂದರು. ತೂಕ ನೂರಾ ತೊಂಬತ್ತಾರು ಕಿಲೋ. "ಇನ್ನೂರು ಅಂತ ಹಾಕಮ್ಮ, ಬಾಯಲ್ಲಿ ಹೇಳೋಕೆ ಸಲೀಸು," ಎಂದರು. "ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲೇ ನನ್ನ ಪೆನ್ನೂ ನಿಲ್ಲೋದು," ಎಂಬ ಉತ್ತರ ಬಂತು. ಮೇಸ್ತ್ರಿ ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡು ಹೋದರು. ಮರುದಿನ ಕೆಲಸಕ್ಕೆ ಕರೆಯಲು ಬಂದರು.

"ನನ್ನ ಕೈಯಲ್ಲಿ ಕೋವಿಗೆ ಜೀವ ಬರುತ್ತೆ, ಪೆನ್ನಿಗೆ ಜೀವ ಹೋಗುತ್ತೆ," ಎಂದು ಮೇಸ್ತ್ರಿ ಈಗಲೂ ನಗುತ್ತಾರೆ. ಅದು ಬರಿಯ ನಗೆಮಾತಲ್ಲ. ಕೋವಿ ರಿಪೇರಿಯಲ್ಲಿ ಅರ್ಧ ಕೆಲಸ ಅರ ಹಿಡಿದು ಉಜ್ಜುವವನದು, ಉಳಿದರ್ಧ ಪುಸ್ತಕ ಹಿಡಿದವರದು. ರಾತ್ರಿ ಅಂಗಡಿಯಲ್ಲಿ ಉಳಿಯುವ ಪ್ರತಿಯೊಂದು ಕೋವಿಯೂ ಬಾಗಿಲು ಹಾಕುವ ಮೊದಲು ಪುಸ್ತಕಕ್ಕೆ ಏರಬೇಕು: ಬಂದ ದಿನ, ಯಜಮಾನನ ಹೆಸರು, ವಿಳಾಸ, ಅವನ ಲೈಸೆನ್ಸು, ಕೋವಿಯ ಜಾತಿ, ನಂಬರು, ಏನು ಕೆಟ್ಟಿದೆ. ಹೋಗುವಾಗ ಹೋದ ದಿನ, ಒಯ್ದವರ ಸಹಿ. ತಂದವರಿಗೇ ಕೊಡಬೇಕು, ಬೇರೆಯವರಿಗೆ ಕೊಡಬೇಕಾದರೆ ಕಚೇರಿಯ ಕಾಗದ ಬೇಕು. ಯಜಮಾನ ಕುಳಿತಿರುವಂತೆಯೇ ಮುಗಿಯುವ ಸಣ್ಣ ಕೆಲಸವಿದ್ದರೆ ಮಾತ್ರ ಪುಸ್ತಕ ಬೇಡ, ತಾರೀಕು, ನಂಬರು ಬರೆದ ಚೀಟಿ ಸಾಕು; ಅರ್ಧ ಅವನಿಗೆ, ಅರ್ಧ ಮೇಸ್ತ್ರಿಯ ಮೇಜಿನ ಮೊಳೆಗೆ. ಪುಸ್ತಕದ ಹಾಳೆ ಹರಿಯಬಾರದು, ಬರೆದದ್ದನ್ನು ಉಜ್ಜಬಾರದು. ತಪ್ಪಿದರೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು.

ಇಪ್ಪತ್ತಾರು ವರ್ಷಗಳಲ್ಲಿ ಅವರು ಬರೆದು ತುಂಬಿಸಿದ್ದು ಹತ್ತು ಪುಸ್ತಕ. ಈಗ ನಡೆಯುತ್ತಿರುವುದು ಹನ್ನೊಂದನೆಯದು. ಒಟ್ಟು ಒಂಬತ್ತು ಸಾವಿರದ ನಾನೂರ ಹನ್ನೆರಡು ಸಾಲು. ಗೆರೆ ಎಳೆದ ತಪ್ಪುಗಳು ಅರವತ್ತಮೂರು. ಈ ಅರವತ್ತಮೂರನ್ನು ಅವರು ಮಕ್ಕಳ ಹುಟ್ಟಿದ ದಿನದ ಹಾಗೆ ನೆನಪಿಟ್ಟಿದ್ದಾರೆ.

ಮೊದಲನೆಯದು ಸೇರಿದ ಮೂರನೆಯ ವಾರದ್ದು. ಒಂದೇ ಕಾರ್ಖಾನೆಯ ಎರಡು ಜೋಡಿನಳಿಗೆ ಕೋವಿಗಳು ಒಂದೇ ದಿನ ಬಂದಿದ್ದವು. ಮೇಸ್ತ್ರಿ ಎರಡರ ನಳಿಗೆಗಳನ್ನೂ ಬಿಚ್ಚಿ, ಯಾವುದು ಎಷ್ಟು ಸವೆದಿದೆಯೆಂದು ನೋಡಲು ಅದಕ್ಕೆ ಇದನ್ನು, ಇದಕ್ಕೆ ಅದನ್ನು ಕೂರಿಸಿದ್ದರು. ಹೊಸಬರಾದ ನಂಬರಮ್ಮ ಕಣ್ಣಿಗೆ ಎದ್ದು ಕಂಡ ನಳಿಗೆಯ ನಂಬರನ್ನೇ ಬರೆದುಬಿಟ್ಟರು. ಬರೆಯಬೇಕಾದದ್ದು ಒಡಲಿನ ನಂಬರು, ಗುಂಡು ಹಾರಿಸುವ ಕುದುರೆ ಕೂರುವ ಭಾಗದ್ದು. ನಳಿಗೆ ಬದಲಾಗಬಹುದು, ಒಡಲು ಬದಲಾಗದು. ಪುಸ್ತಕದಲ್ಲಿ ಎರಡು ಕೋವಿಗಳೂ ಯಜಮಾನರನ್ನು ಅದಲುಬದಲು ಮಾಡಿಕೊಂಡು ಕೂತವು. ಮೇಸ್ತ್ರಿ ಬೈಯಲಿಲ್ಲ. ಎರಡೂ ಕೋವಿಗಳನ್ನು ಅವರ ಮುಂದೆಯೇ ಬಿಚ್ಚಿ, ಪ್ರತಿ ಭಾಗದ ಹೆಸರು ಹೇಳಿ, ಮತ್ತೆ ಅವರ ಕೈಯಿಂದಲೇ ಜೋಡಣೆ ಮಾಡಿಸಿದರು.

"ಅವತ್ತು ಬೈದಿದ್ರೆ ಬರೀ ಬೈಗುಳ ನೆನಪಿರ್ತಿತ್ತು," ಎನ್ನುತ್ತಾರೆ ಅವರು. "ಕಲಿಸಿದ್ರು ನೋಡಿ, ಕಲಿತದ್ದು ನೆನಪಿದೆ. ದೇವರು ನಂಗೆ ಒಳ್ಳೆ ಕೆಲಸ ಕೊಟ್ಟ. ಅದಕ್ಕಿಂತ ಹೆಚ್ಚಾಗಿ ಒಳ್ಳೆ ಮೇಸ್ತ್ರಿ ಕೊಟ್ಟ."

ಅಂದಿನಿಂದ ಅವರು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಒಡಲಿನ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು, ಪೆನ್ಸಿಲನ್ನು ಅಡ್ಡವಾಗಿ ಉಜ್ಜುತ್ತಾರೆ. ಸವೆದ ಅಂಕಿಗಳೂ ಬೂದುಬಣ್ಣದ ನಡುವೆ ಬಿಳಿಯಾಗಿ ಏಳುತ್ತವೆ. ಆ ತುಂಡನ್ನು ಸಾಲಿನ ಪಕ್ಕ ಅಂಟಿಸುತ್ತಾರೆ. ಯಾವ ನಿಯಮವೂ ಇದನ್ನು ಕೇಳಿಲ್ಲ. "ನನ್ನ ಕಣ್ಣು ತಪ್ಪಬಹುದು, ಕೋವಿ ತನ್ನ ನಂಬರನ್ನ ತಾನೇ ಬರೆದುಕೊಟ್ರೆ ತಪ್ಪೋದು ಹೇಗೆ?"

ಇಷ್ಟು ಕಟ್ಟುನಿಟ್ಟಿನವರಿಗೆ ಬೈಗುಳದ ಬರವಿಲ್ಲ. ಕಳೆದ ವರ್ಷ ಒಬ್ಬರು ಕಾರಿನಿಂದಿಳಿದು, ಅಣ್ಣನ ಕೋವಿ ಕೊಡಿ ಎಂದರು. ಅಣ್ಣನೇ ಬರಬೇಕೆಂದು ಇವರು ಹೇಳಿದರು.

"ಅವನು ನನ್ನ ಒಡಹುಟ್ಟಿದ ಅಣ್ಣ ಕಣಮ್ಮ!"

"ಅಣ್ಣ ನಿಮ್ಮೋರೇ ಸ್ವಾಮಿ, ನಾನು ಇಲ್ಲ ಅನ್ನಲ್ಲ. ಕೋವಿ ಅವರದು."

"ನೀನೇನು ದೊಡ್ಡ ಅಧಿಕಾರೀನಾ?"

"ಅಲ್ಲ. ಅಧಿಕಾರಿ ಆಗಿದ್ರೆ ನಿಮ್ಮನ್ನ ನಾಳೆ ಬನ್ನಿ ಅಂತಿದ್ದೆ. ಈಗ ಕೂತ್ಕೊಳ್ಳಿ, ಅಣ್ಣನಿಗೆ ಫೋನ್ ಮಾಡ್ತೀನಿ."

ಮನೆಯಲ್ಲೂ ಇವರ ಲೆಕ್ಕಾಚಾರಕ್ಕೆ ತಮಾಷೆ ಮಾಡುವವರೊಬ್ಬರಿದ್ದರು. ಗಂಡ ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವ ಕೆಲಸದವರು. ಅಂಗಡಿಯ ಹನ್ನೊಂದು ಪುಸ್ತಕಗಳನ್ನೂ ಹೊಲಿದುಕೊಟ್ಟವರು ಅವರೇ. ಮೂತ್ರಪಿಂಡದ ಕಾಯಿಲೆಗೆ ಆರು ವರ್ಷ ಆಸ್ಪತ್ರೆ ಮನೆ ಎಂದು ಓಡಾಡಿದರು. ಹನ್ನೊಂದನೆಯ ಪುಸ್ತಕವನ್ನು ಹಾಸಿಗೆಯ ಮೇಲೆ ಕುಳಿತು, ನಾಲ್ಕು ದಿನ ತೆಗೆದುಕೊಂಡು ಹೊಲಿದರು. ಒಂದು ಹಾಳೆ ಕಿತ್ತರೂ ಎದುರಿನ ಹಾಳೆ ಸಡಿಲವಾಗುವಂಥ ಹೊಲಿಗೆ. "ನಿನ್ನ ಕೋವಿಗಳೆಲ್ಲ ಸಾಲಾಗಿ ಕೂತಿವೆ. ನಂಗೂ ಒಂದು ಸಾಲು ಕೊಡೇ, ನಾನೂ ರಿಪೇರಿಗೆ ಬಂದೋನೇ," ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಅವರು ನಗುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಬಿಚ್ಚಿ ಹಾಕುತ್ತ ಕೂರುತ್ತಾರೆ.

ಎರಡೂವರೆ ತಿಂಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು; ಅವರು ಬರೆಯುತ್ತಿದ್ದ ಸಾಲು ಮುಗಿಸಿ ಎದ್ದರು. ನಾಲ್ಕು ಗಂಟೆಗೆ ಗೋದಾಮಿನ ಮುದಿ ಕಾವಲುಗಾರರೊಬ್ಬರು ತಮ್ಮ ಜೋಡಿನಳಿಗೆ ಕೋವಿ ತಂದರು. ಸ್ಪ್ರಿಂಗ್ ಸಡಿಲವಾಗಿತ್ತು, ಅರ್ಧ ಗಂಟೆಯ ಕೆಲಸ. ಮೇಸ್ತ್ರಿ ಚೀಟಿ ಬರೆದು ಅರ್ಧ ಕೊಟ್ಟು, ಅರ್ಧ ಮೊಳೆಗೆ ಚುಚ್ಚಿದರು. ಎದುರಿನ ಬೀದಿಯಲ್ಲಿ ಔಷಧಿ ತರುತ್ತೇನೆಂದು ಹೋದ ಕಾವಲುಗಾರರು ಐದೂವರೆಯಾದರೂ ಬರಲಿಲ್ಲ. ಬಂದದ್ದು ನಂಬರಮ್ಮನ ಗಂಡ ತೀರಿಕೊಂಡ ಸುದ್ದಿ. ಮೇಸ್ತ್ರಿ ಕೈಯಲ್ಲಿದ್ದ ಕೋವಿಯನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಎಣ್ಣೆಗೈಯಲ್ಲೇ ಆಸ್ಪತ್ರೆಗೆ ಓಡಿದರು. ಬರೆಯುವವರಿಲ್ಲದ ಅಂಗಡಿಯನ್ನು ತೆರೆಯಬಾರದೆಂದು ಆ ದಿನವೂ ಸೇರಿ ಹನ್ನೊಂದು ದಿನ ಬಾಗಿಲು ಮುಚ್ಚಿದರು. ಆ ಗಡಿಬಿಡಿಯಲ್ಲಿ, ಆ ದುಃಖದಲ್ಲಿ ಕಾವಲುಗಾರರ ಕೋವಿ ಮೇಸ್ತ್ರಿಯ ತಲೆಯಿಂದ ಸಂಪೂರ್ಣ ಜಾರಿಹೋಯಿತು.

ಹನ್ನೆರಡನೆಯ ಬೆಳಿಗ್ಗೆ ನಂಬರಮ್ಮ ಕೆಲಸಕ್ಕೆ ಬಂದು ಎಣಿಸಿದರು. ಪುಸ್ತಕದಲ್ಲಿ ಮೂವತ್ತೇಳು. ಬೀರುವಿನಲ್ಲಿ ಮೂವತ್ತೆಂಟು.

ಒಂದು ಕಡಿಮೆಯಾದರೆ ಕಳವು ಎಂದು ಎಲ್ಲರಿಗೂ ಗೊತ್ತು. ಒಂದು ಹೆಚ್ಚಾದರೂ ಅಷ್ಟೇ ಅಪಾಯ ಎಂಬುದು ಈ ಕಸುಬಿನವರಿಗಷ್ಟೇ ಗೊತ್ತು. ಪುಸ್ತಕದಲ್ಲಿಲ್ಲದ ಕೋವಿ ಎಂದರೆ ಕಳ್ಳಕೋವಿ. ಅದು ಯಾರದು, ಯಾಕೆ ಬಚ್ಚಿಟ್ಟಿರಿ ಎಂಬ ಪ್ರಶ್ನೆಗೆ ಅಂಗಡಿಯೇ ಬಲಿ. ಮೇಸ್ತ್ರಿ ಹಣೆ ಚಚ್ಚಿಕೊಂಡರು. ಮೊಳೆಯಲ್ಲಿದ್ದ ಚೀಟಿ ತೆಗೆದು ಮುಂದಿಟ್ಟರು.

"ತಪ್ಪು ನಂದು ತಂಗಿ. ಆದ್ರೆ ಕೇಳು. ಇವತ್ತು ಬಂತು ಅಂತ ಬರೆದುಬಿಡು. ಈ ಚೀಟಿ ಹರಿದು ಒಲೆಗೆ ಹಾಕ್ತೀನಿ. ಕೋವಿಗೆ ಬಾಯಿ ಇದೆ, ಆದ್ರೆ ಇಂಥದ್ದನ್ನೆಲ್ಲ ಅದು ಹೇಳಲ್ಲ."

"ಯಜಮಾನ್ರು ಎಲ್ಲಿ ಹೋದ್ರು?"

"ಗೊತ್ತಿಲ್ಲ. ಬಂದಾಗ ಹೇಳಿದ್ರಾಯ್ತು."

"ಮೇಸ್ತ್ರಣ್ಣ, ಪುಸ್ತಕ ಹೊಲಿದೋರು ಹೋಗಿ ಹನ್ನೆರಡು ದಿನ ಆಗಿಲ್ಲ. ಅವರ ಪುಸ್ತಕದಲ್ಲಿ ನಾನು ಇವತ್ತು ಬರೆಯೋ ಮೊದಲ ಸಾಲೇ ಸುಳ್ಳಾಗ್ಬೇಕಾ?"

ಮೇಸ್ತ್ರಿ ಚೀಟಿಯನ್ನು ಅವರ ಕೈಗೆ ಕೊಟ್ಟರು. ನಂಬರಮ್ಮ ಪೆನ್ಸಿಲ್ ಉಜ್ಜಿ ನಂಬರು ತೆಗೆದು, ಆ ಬೆಳಗಿನ ಸಾಲು ಬರೆದರು. ಅದು ಹೀಗಿದೆ: "ಕೋವಿ ಬಂದದ್ದು ಚೀಟಿಯ ತಾರೀಕಿನಂದು ಸಂಜೆ ನಾಲ್ಕಕ್ಕೆ. ಬರೆದದ್ದು ಹನ್ನೆರಡನೆಯ ದಿನ. ನಡುವೆ ಹನ್ನೊಂದು ರಾತ್ರಿ ಈ ಕೋವಿ ಪುಸ್ತಕದಲ್ಲಿ ಇರಲಿಲ್ಲ. ಬರೆಯುವವಳ ಗಂಡ ತೀರಿಕೊಂಡಿದ್ದರು. ಇದು ನಡೆದದ್ದು, ಕ್ಷಮೆಗೆ ಕಾರಣವೆಂದು ಬರೆದದ್ದಲ್ಲ." ಶಾಯಿ ಆರುವವರೆಗೆ ಕಾದು, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ತಾವೇ ನಡೆದು ಕಚೇರಿಗೆ ಹೋಗಿ ವಿಷಯ ತಿಳಿಸಿದರು.

ಮರುದಿನ ತಪಾಸಣೆ ಅಧಿಕಾರಿ ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮಾತು ಅಳತೆಯದು, ನಗು ಅದಕ್ಕಿಂತ ಕಡಿಮೆ. ಎಲ್ಲ ಕೋವಿಗಳನ್ನೂ ಎಣಿಸಿದರು, ಚೀಟಿಯನ್ನು ಒಯ್ದರು, ಹೊಸ ಕೆಲಸ ನಿಲ್ಲಿಸಿರೆಂದು ಬರೆದುಕೊಟ್ಟು ಹೋದರು. ಕಡತಗಳು ಆಮೆಯ ಬೆನ್ನೇರಿ ಹೋಗುತ್ತವೆಂದು ಯಾರಿಗೆ ಗೊತ್ತಿಲ್ಲ! ಒಂಬತ್ತು ವಾರ ಮೇಸ್ತ್ರಿ ಇದ್ದ ಕೋವಿಗಳನ್ನೇ ಮತ್ತೆ ಮತ್ತೆ ಒರೆಸಿದರು. ಗಿರಾಕಿಗಳನ್ನು ಬಾಗಿಲಿನಿಂದಲೇ ಮರಳಿಸಿದರು. ಒಂದು ದಿನವೂ "ನಾನು ಹೇಳಿದ ಹಾಗೆ ಬರೆದಿದ್ರೆ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. "ಆ ಒಂದು ಮಾತು ಆಡದೆ ಇದ್ದದ್ದಕ್ಕೆ ನಾನು ಅವರಿಗೆ ದಿನಾ ಕೈ ಮುಗೀತೀನಿ, ಮನಸ್ಸಿನಲ್ಲೇ," ಎನ್ನುತ್ತಾರೆ ನಂಬರಮ್ಮ.

ಹನ್ನೊಂದಕ್ಕೆ ಐದು ನಿಮಿಷ. ಕಚೇರಿಯ ಉದ್ದನೆಯ ಕೋಣೆಯಲ್ಲಿ ಮೇಸ್ತ್ರಿ ಬೆಂಚಿನ ತುದಿಯಲ್ಲಿ ಕೂತಿದ್ದಾರೆ, ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. ನಂಬರಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅಲುಗದೆ ಕೂತಿದ್ದಾರೆ. ತುಟಿಗಳು ಮಾತ್ರ ಮೆಲ್ಲಗೆ ಆಡುತ್ತಿವೆ. ಒಳಗಿನಿಂದ ಕರೆ ಬರುತ್ತದೆ.

ಅಧಿಕಾರಿ ಪುಸ್ತಕವನ್ನು ತೆರೆದು ಆ ಸಾಲಿನ ಮೇಲೆ ಕೈಯಿಡುತ್ತಾರೆ. "ಕಾವಲುಗಾರರು ಸಿಕ್ಕಿದ್ದಾರೆ," ಎನ್ನುತ್ತಾರೆ. "ಆ ದಿನ ಔಷಧಿ ಅಂಗಡಿ ಮುಂದೆ ಬಿದ್ದುಬಿಟ್ಟಿದ್ರು. ಪಾರ್ಶ್ವವಾಯು. ದಾರಿಹೋಕರು ಆಸ್ಪತ್ರೆಗೆ ಸೇರಿಸಿದ್ರು. ಈಗ ಬೇರೆ ಊರಲ್ಲಿ ಮಗಳ ಮನೇಲಿದ್ದಾರೆ. ಬದುಕಿದ್ದಾರೆ, ಮಾತು ಇನ್ನೂ ಸರಿ ಬಂದಿಲ್ಲ."

"ದೇವರು ದೊಡ್ಡೋನು," ಎನ್ನುತ್ತಾರೆ ನಂಬರಮ್ಮ.

"ಹನ್ನೆರಡನೇ ದಿನವೇ ಬಂತು ಅಂತ ಬರೆದಿದ್ರೆ ಯಾರಿಗೂ ತಿಳಿಯಲ್ಲ ಅಂತ ಅನ್ನಿಸಲಿಲ್ವಾ? ನೀವೇ ಬಂದು ಯಾಕೆ ಹೇಳಿದ್ರಿ?"

ಮೇಸ್ತ್ರಿ ನೆಲ ನೋಡುತ್ತಾರೆ. ನಂಬರಮ್ಮ ಹೇಳುತ್ತಾರೆ: "ಮೇಡಂ, ಒಂದು ಸಾಲು ಸುಳ್ಳಾದ್ರೆ ಉಳಿದ ಒಂಬತ್ತು ಸಾವಿರ ಸಾಲನ್ನ ಯಾರು ನಂಬ್ತಾರೆ? ಅದರಲ್ಲಿ ಎಷ್ಟು ಜನರ ಕೋವಿ ಇದೆ! ಪುಸ್ತಕದಲ್ಲಿ ತಪ್ಪು ಇದೆ, ಒಪ್ಕೋತೀನಿ. ಸುಳ್ಳು ಇಲ್ಲ."

ಅಧಿಕಾರಿ ಕಡತದಿಂದ ಒಂದು ಹಾಳೆ ತೆಗೆಯುತ್ತಾರೆ. "ಸುಳ್ಳು ಬರೆದಿದ್ರೆ ಏನಾಗ್ತಿತ್ತು ಗೊತ್ತಾ? ಆ ಹನ್ನೆರಡನೇ ದಿನ ಕಾವಲುಗಾರರು ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ರು. ಅವರ ಕೋವಿ ನಡೆದುಕೊಂಡು ನಿಮ್ಮ ಅಂಗಡಿಗೆ ಬಂತಾ ಅಂತ ನಾನು ಕೇಳ್ತಿದ್ದೆ. ನಿಮ್ಮ ಅನುಮತಿಯೂ ಹೋಗ್ತಿತ್ತು, ಅವರ ಲೈಸೆನ್ಸೂ ಹೋಗ್ತಿತ್ತು. ಮಾತೇ ಬಾರದ ಮನುಷ್ಯ, ಏನಂತ ಉತ್ತರ ಕೊಡ್ತಿದ್ರು?" ಹಾಳೆಯನ್ನು ಮುಂದೆ ತಳ್ಳುತ್ತಾರೆ. "ನಿಮ್ಮ ಅಂಗಡಿ ಚೀಟಿ ಒಂದನ್ನೇ ನಂಬೋ ಹಾಗಿರಲಿಲ್ಲ, ಅದನ್ನ ಯಾವಾಗ ಬೇಕಾದ್ರೂ ಬರೀಬಹುದು. ನಿಮ್ಮನ್ನ ಉಳಿಸಿದ್ದು ಇದು."

ಅದು ಆಸ್ಪತ್ರೆಯ ಕಾಗದದ ನಕಲು. ಪ್ರಜ್ಞೆಯಿಲ್ಲದೆ ಬಂದ ರೋಗಿಯ ಮೈಮೇಲೆ, ಜೇಬಿನಲ್ಲಿ ಇದ್ದದ್ದನ್ನೆಲ್ಲ ಯಾರೋ ಪಟ್ಟಿ ಮಾಡಿದ್ದಾರೆ. "ಸಂಜೆ ಐದು ಹತ್ತು. ಚಪ್ಪಲಿ ಒಂದು ಜೊತೆ, ಎಡಗಾಲಿನದಕ್ಕೆ ಹೊಸ ಪಟ್ಟಿ. ಔಷಧಿ ಚೀಟಿ ಒಂದು, ಒದ್ದೆಯಾಗಿದೆ. ಕೋವಿ ರಿಪೇರಿಯ ಅರ್ಧ ಚೀಟಿ ಒಂದು, ಇವತ್ತಿನ ತಾರೀಕು." ಅದರ ಮುಂದೆ ಕೋವಿಯ ನಂಬರು, ಒಂದಂಕಿಯೂ ತಪ್ಪದೆ.

ನಂಬರಮ್ಮ ಭೂತಗನ್ನಡಿ ತೆಗೆದು ಆ ಹಾಳೆಯನ್ನು ಓದುತ್ತಾರೆ. ಮತ್ತೊಮ್ಮೆ ಓದುತ್ತಾರೆ. ಮೇಸ್ತ್ರಿಗೆ ಗಾಬರಿ. "ಏನಾಯ್ತು ತಂಗಿ?"

"ಈ ಅಕ್ಷರ ನಂಗೆ ಗೊತ್ತು," ಎನ್ನುತ್ತಾರೆ ಅವರು.

ಅದೇ ಆಸ್ಪತ್ರೆ, ಅದೇ ಸಂಜೆ. ಗಂಡನ ವಸ್ತುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಿದ್ದರು, ಜೊತೆಗೊಂದು ಪಟ್ಟಿ. ಆ ಪಟ್ಟಿ ಮನೆಯಲ್ಲಿ ದೇವರ ಮುಂದಿದೆ. "ಕನ್ನಡಕ ಒಂದು. ಕೈಗಡಿಯಾರ ಒಂದು, ನಡೆಯುತ್ತಿದೆ. ಬಾಚಣಿಗೆ ಒಂದು, ಎರಡು ಹಲ್ಲು ಮುರಿದಿವೆ." ಆ ರಾತ್ರಿ ಮನೆಯ ತುಂಬ ಜನ ಅಳುತ್ತಿದ್ದಾಗ ಅವರು ಒಬ್ಬರೇ ಕೂತು, ಅಭ್ಯಾಸಬಲದಿಂದ, ಪಟ್ಟಿಗೂ ಚೀಲಕ್ಕೂ ತಾಳೆ ನೋಡಿದ್ದರು. ಬಾಚಣಿಗೆಯ ಹಲ್ಲುಗಳನ್ನು ಬೆರಳಿಂದ ಸವರಿ ಎಣಿಸಿದ್ದರು. ಎಲ್ಲವೂ ಸರಿಯಾಗಿತ್ತು. "ನನ್ನವರ ಸಾಮಾನನ್ನ ಯಾರೋ ಇಷ್ಟು ಗಮನ ಕೊಟ್ಟು ನೋಡಿದ್ದಾರಲ್ಲ ಅಂತ ಅವತ್ತು ಅಷ್ಟೊಂದು ಸಮಾಧಾನ ಆಯ್ತು. ಅದನ್ನ ಯಾರಿಗೂ ಹೇಳಿರಲಿಲ್ಲ, ಹುಚ್ಚು ಅಂದ್ಕೋತಾರೆ ಅಂತ."

ಅಧಿಕಾರಿಯ ತೀರ್ಪು ಎರಡು ಸಾಲಿನದು. ಅನುಮತಿ ನವೀಕರಣ, ಮೂರು ವರ್ಷದ ಬದಲು ಒಂದೇ ವರ್ಷಕ್ಕೆ. ತಪ್ಪಿಗೆ ಲಿಖಿತ ಎಚ್ಚರಿಕೆ. ಕಾವಲುಗಾರರು ಚೇತರಿಸಿಕೊಂಡು ಬರುವವರೆಗೆ ಕೋವಿ ಅಂಗಡಿಯ ಬೀರುವಿನಲ್ಲೇ ಇರಲಿ. ಮೇಸ್ತ್ರಿ ಕೈ ಮುಗಿಯುತ್ತಾರೆ. ಹೊರಗೆ ಮೆಟ್ಟಿಲಿಳಿಯುವಾಗ ಹೇಳುತ್ತಾರೆ: "ಎಚ್ಚರಿಕೆ ಕಾಗದ ಇಲ್ಲಿ ಕೊಡು, ಪೆಟ್ಟಿಗೆ ತಳದಲ್ಲಿ ಹಾಕ್ತೀನಿ."

"ತಳದಲ್ಲಿ ಯಾಕೆ? ಆ ಸಾಲಿನ ಪಕ್ಕ ಅಂಟಿಸ್ತೀನಿ. ಓದೋರಿಗೆ ಪೂರ್ತಿ ತಿಳೀಲಿ."

"ನಿನ್ನ ಕೈಗೆ ಸಿಕ್ಕಿದ ಕಾಗದಕ್ಕೆ ಮೋಕ್ಷ ಇಲ್ಲ ಬಿಡು," ಎಂದು ಮೇಸ್ತ್ರಿ ಒಂಬತ್ತು ವಾರಗಳಲ್ಲಿ ಮೊದಲ ಸಲ ಬಾಯಿ ತುಂಬ ನಗುತ್ತಾರೆ. "ಬಾ, ಅಂಗಡಿ ತೆಗೆಯೋಣ."

"ನೀವು ನಡೀರಿ ಮೇಸ್ತ್ರಣ್ಣ. ಇಲ್ಲೇ ಒಂದು ಹತ್ತು ನಿಮಿಷದ ಕೆಲಸ ಇದೆ."

ಆಸ್ಪತ್ರೆಯ ಹಿಂಬದಿಯ ಓಣಿಯಲ್ಲಿ, ಔಷಧಿಯ ಖಾಲಿ ಪೆಟ್ಟಿಗೆಗಳ ಸಾಲು ದಾಟಿದರೆ, ಗಾಜಿನ ಸಣ್ಣ ಕಿಂಡಿಯೊಂದಿದೆ. ಒಳಗೆ ಕಪಾಟು ತುಂಬ ಕಾಗದ, ಮೇಜಿನ ಮೇಲೆ ಕಾಗದ. ನಡುವೆ ನಲವತ್ತರ ಗಂಡಸೊಬ್ಬರು ಬಗ್ಗಿ ಬರೆಯುತ್ತಿದ್ದಾರೆ. ಅಕ್ಷರ ನೋಡಿದೊಡನೆ ನಂಬರಮ್ಮನಿಗೆ ಇವರೇ ಎಂದು ಗೊತ್ತಾಗುತ್ತದೆ. ಗುಮಾಸ್ತರು ತಲೆಯೆತ್ತುವುದಿಲ್ಲ.

"ಏನಾಗ್ಬೇಕಿತ್ತು?"

"ಎರಡೂವರೆ ತಿಂಗಳ ಹಿಂದೆ ನಮ್ಮ ಯಜಮಾನ್ರು ಇಲ್ಲಿ ತೀರಿಕೊಂಡ್ರು. ಅವರ ಸಾಮಾನಿನ ಪಟ್ಟಿ ನೀವು ಬರೆದಿದ್ರಿ. ಬಾಚಣಿಗೆಗೆ ಎರಡು ಹಲ್ಲು ಮುರಿದಿವೆ ಅಂತ."

ಪೆನ್ನು ನಿಲ್ಲುತ್ತದೆ. ಗುಮಾಸ್ತರ ಮುಖದಲ್ಲಿ ಕಳವಳ. ಈ ಕಿಂಡಿಗೆ ಬರುವವರು ಏನೋ ಕಳೆದುಹೋಗಿದೆ, ಏನೋ ಬಿಟ್ಟುಹೋಗಿದೆ ಎಂದು ಜಗಳಕ್ಕೇ ಬರುವವರು. "ಏನಮ್ಮ, ತಪ್ಪಾಗಿತ್ತಾ?" ಎನ್ನುತ್ತ ಕಪಾಟಿನ ಕಡೆ ಕೈ ಚಾಚುತ್ತಾರೆ.

"ಇಲ್ಲಪ್ಪ," ಎನ್ನುತ್ತಾರೆ ನಂಬರಮ್ಮ. "ಸರಿಯಾಗಿತ್ತು. ಅಷ್ಟು ಹೇಳೋಕೆ ಬಂದೆ."